ಅಂಚೆಯವನಿಗೆ ಹೇಳುವ ನಮಸ್ಕಾರ

ಲೆಹ್ತೋಲಾ, ಉತ್ತರ ಫಿನ್ಲೆಂಡ್
೧೨ ಅಕ್ಟೋಬರ್ ೧೯೮೬

ಮಾನ್ಯ ಮಗ್ನೆ ಹೋಲ್ಟೆ ಅವರಿಗೆ,

ಕೈಸುವಿನ ಅಂತ್ಯಕ್ರಿಯೆ ಮುಗಿದು ಇಂದಿಗೆ ಇಪ್ಪತ್ತನಾಲ್ಕು ದಿನಗಳಾದವು. ನೀವು ಅವಳ ಗಂಡ, ನಾನು ಅವಳ ತಂದೆ. ಆದರೂ ಹನ್ನೊಂದು ವರ್ಷಗಳಲ್ಲಿ ನಾವಿಬ್ಬರು ಮುಖಾಮುಖಿಯಾದದ್ದು ಮೂರೇ ಸಲ. ಆ ಮೂರರಲ್ಲಿ ಕೊನೆಯದು ಅವಳ ಶವಪೆಟ್ಟಿಗೆಯ ಎದುರು. ಆದ್ದರಿಂದ ಈ ಪತ್ರದಲ್ಲಿ ಸಲಿಗೆಯ ಮಾತಿಗೆ ಎಡೆಯಿಲ್ಲ.

ನನ್ನ ಕೋರಿಕೆ ಒಂದು, ಪ್ರಶ್ನೆ ಎರಡು. ಹರೆಯದಲ್ಲಿ ನಾನು ಔಲು ನಗರದ ಕಾಲೇಜಿನ ಚರ್ಚಾಕೂಟದಲ್ಲಿ ಮೂರು ವರ್ಷ ಸೋಲು ಕಾಣದೆ ವಾದಿಸಿದವನು. ಪ್ರಶ್ನೆಯನ್ನು ಬಿಡಿಸಿ ಇಡುವುದು ಉತ್ತರಿಸುವವನಿಗೆ ಸಲ್ಲಿಸುವ ಮರ್ಯಾದೆ ಎಂದು ಕಲಿತದ್ದು ಅಲ್ಲಿಯೇ.

ಕೋರಿಕೆ: ಅವಳ ತಾಯಿ ತೀರಿಕೊಳ್ಳುವಾಗ ಅವಳಿಗೆ ಕೊಟ್ಟಿದ್ದ ಬೈಬಲ್ ಪುಸ್ತಕವನ್ನು ದಯವಿಟ್ಟು ಕಳುಹಿಸಿಕೊಡಿ.

ಮೊದಲ ಪ್ರಶ್ನೆ: ಅವಳ ರಕ್ತದ ಕಾಯಿಲೆ ಯಾವಾಗ ತಿಳಿಯಿತು? ನನಗೆ ಬಂದದ್ದು ಸಾವಿನ ಸುದ್ದಿ ಮಾತ್ರ.

ಎರಡನೆಯದು ಇನ್ನೂ ಮುಖ್ಯ: ಕೊನೆಗಾಲದಲ್ಲಿ ಅವಳ ವಿಶ್ವಾಸ ಯಾವ ಸ್ಥಿತಿಯಲ್ಲಿತ್ತು? ಅವಳು ನಾನು ಬೋಧಕನಾಗಿರುವ ವಿಶ್ವಾಸಿಗಳ ಸಭೆಯನ್ನು ತೊರೆದು ನಿಮ್ಮೂರಿನ ಸಾಮಾನ್ಯ ಚರ್ಚಿಗೆ ಹೋಗುತ್ತಿದ್ದುದು ನನಗೆ ಗೊತ್ತು. ಈ ಬೇಸಿಗೆಯಲ್ಲಿ, ಜೂನ್ ತಿಂಗಳ ಸಂತ ಯೋಹಾನನ ಹಬ್ಬಕ್ಕೆ ಬಂದಾಗ ನಮ್ಮ ನಡುವೆ ಹಜಾರದಲ್ಲಿ ನಡೆದದ್ದು ನಿಮಗೂ ಗೊತ್ತು. ಚೀಲ ಹಿಡಿದು ಅವಳ ಹಿಂದೆಯೇ ನಿಂತಿದ್ದಿರಿ. ಅದನ್ನು ಇಲ್ಲಿ ಚರ್ಚಿಸುವುದಿಲ್ಲ. ನನ್ನ ಪ್ರಶ್ನೆಗೆ ಮಾತ್ರ ಉತ್ತರ ಬೇಕು.

ಇತಿ,
ಏಲಿಸ್ ನಿಸ್ಕಲಾ


ಸ್ಟ್ರಾಂಡ್‌ವಿಕಾ, ನಾರ್ವೆ
೨ ನವೆಂಬರ್ ೧೯೮೬

ನಿಸ್ಕಲಾ ಅವರೇ,

ನಿಮ್ಮ ಭಾಷೆ ನಾನು ಕಲಿತಿದ್ದು ಕೈಸು ಹತ್ರ, ಅಡುಗೆಮನೇಲಿ. ನಿಮ್ಮ ಥರ ಬರೆಯೋಕೆ ಬರಲ್ಲ. ನಾನು ದೋಣಿ ಎಂಜಿನ್ ರಿಪೇರಿ ಮಾಡೋನು.

ಪುಸ್ತಕ ಕಳಿಸಲ್ಲ. ಅದು ಅವಳು ಮಲಗ್ತಿದ್ದ ಕಡೆ ಇದೆ, ಅಲ್ಲೇ ಇರತ್ತೆ.

ಮೊದಲನೇ ಪ್ರಶ್ನೆಗೆ ಉತ್ತರ: ಮೇ ತಿಂಗಳು ಆರನೇ ತಾರೀಖು. ಹೌದು, ಹಬ್ಬಕ್ಕೆ ನಿಮ್ಮ ಮನೆಗೆ ಬಂದಾಗ ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಡಾಕ್ಟರು ಕ್ರಿಸ್ಮಸ್ ತನಕ ಅಂದಿದ್ರು, ಅಷ್ಟು ದಿನಾನೂ ಸಿಗಲಿಲ್ಲ.

ಕಾರಲ್ಲಿ ಬರ್ತಾ ದಾರಿಯುದ್ದಕ್ಕೂ ಜಗಳ ಆಡಿದ್ದೆ. ‘ಮೊದಲು ಕಾಯಿಲೆ ವಿಷಯ ಹೇಳು, ಆಮೇಲೆ ಕೈ ಚಾಚು’ ಅಂದೆ. ‘ಬೇಡ ಕಣೋ. ಕಾಯಿಲೆ ಅಂದ್ರೆ ಅಪ್ಪ ಕನಿಕರದಿಂದ ದೇವರ ಶಾಂತಿ ಅಂದುಬಿಡ್ತಾರೆ. ಕನಿಕರ ಆಸ್ಪತ್ರೇಲಿ ಬೇಕಾದಷ್ಟು ಸಿಗತ್ತೆ. ನಾನು ಯಾರವಳು ಅಂತ ಗೊತ್ತಿದ್ದು ಅವರು ಹೇಳ್ಬೇಕು’ ಅಂದ್ಲು. ನನ್ನ ಬಾಯಿ ಕಟ್ಟಿ ಹಾಕಿದ್ಲು. ಮಾತು ಕೊಟ್ಟಿದ್ದೆ, ಉಳಿಸ್ಕೊಂಡೆ. ಈಗ ನಿಮಗೆ ಹೇಳ್ತಿದೀನಿ, ಯಾಕಂದ್ರೆ ನೀವು ಕೇಳಿದ್ರಿ.

ನಿಮ್ಮ ಸಭೆಯವರು ಒಬ್ಬರನ್ನೊಬ್ಬರು ಕಂಡ್ರೆ ‘ದೇವರ ಶಾಂತಿ’ ಅಂತೀರಿ. ಹೊರಗಿನವರಿಗೆ ಬರೀ ‘ನಮಸ್ಕಾರ’. ನನಗೆ ನಮಸ್ಕಾರ ಅಂದ್ರಿ, ಪರವಾಗಿಲ್ಲ, ನಾನು ನಿಮ್ಮ ಲೆಕ್ಕದಲ್ಲಿ ಯಾರೂ ಅಲ್ಲ. ಆದರೆ ಅವಳು ಹಜಾರದಲ್ಲಿ ನಿಂತು ಕೈ ಮುಂದೆ ಮಾಡಿ ‘ದೇವರ ಶಾಂತಿ, ಅಪ್ಪ’ ಅಂದಾಗ ನೀವು ಆ ಕೈ ಹಿಡಿದು, ಅವಳ ಮುಖ ನೋಡಿ, ‘ನಮಸ್ಕಾರ’ ಅಂದ್ರಿ.

ವಾಪಸ್ ಬರ್ತಾ ಗಡಿ ಹತ್ರ ಕಾಫಿ ಕುಡಿಯೋಕೆ ನಿಲ್ಲಿಸಿದ್ವಿ. ಅವಳು ಕಪ್ಪು ಕೆಳಗಿಟ್ಟು, ‘ಅಂಚೆಯವನಿಗೆ ಹೇಳೋ ಹಾಗೆ ಹೇಳಿದ್ರು ಅಲ್ವಾ ಮಗ್ನೆ?’ ಅಂದ್ಲು. ಅಷ್ಟೇ.

ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡಲ್ಲ. ಆ ಪ್ರಶ್ನೆ ಅವಳನ್ನೇ ಕೇಳಬಹುದಾಗಿದ್ದ ದಿನ ನೀವು ಕೇಳಲಿಲ್ಲ.

ಮಗ್ನೆ ಹೋಲ್ಟೆ


ಲೆಹ್ತೋಲಾ
೩೦ ನವೆಂಬರ್ ೧೯೮೬

ಮಗ್ನೆ ಅವರಿಗೆ,

ನಿಮ್ಮ ಪತ್ರ ತಲುಪಿ ಹದಿನೈದು ದಿನಗಳಾದವು. ಈ ಅವಧಿಯಲ್ಲಿ ನಾನು ನಾಲ್ಕು ಉತ್ತರಗಳನ್ನು ಬರೆದು ಒಲೆಗೆ ಹಾಕಿದೆ. ನಾಲ್ಕೂ ಚೆನ್ನಾಗಿದ್ದವು. ವಿಷಯ ಮುಚ್ಚಿಟ್ಟವಳು ಅವಳು, ತಿಳಿಯದವನ ಮೇಲೆ ದೋಷ ಹೊರಿಸಲಾಗದು, ಸಭೆಯ ನಿಯಮ ತಂದೆಗೂ ಮಗಳಿಗೂ ಒಂದೇ; ಹೀಗೆ ಅವು ಸಾಗಿದ್ದವು. ನಾಲ್ಕನೆಯದನ್ನು ಮುಗಿಸಿ ಓದಿದಾಗ, ಸತ್ತ ಮಗಳ ವಿರುದ್ಧ ನಾನು ಗೆದ್ದಿದ್ದೇನೆ ಎಂದು ಗೊತ್ತಾಯಿತು. ಆಮೇಲೆ ಐದನೆಯದನ್ನು ಬರೆಯಲು ಕೈ ಬರಲಿಲ್ಲ.

ಆದ್ದರಿಂದ ವಾದವಿಲ್ಲದೆ ನಡೆದದ್ದನ್ನಷ್ಟೇ ಬರೆಯುತ್ತೇನೆ.

ನಿಮ್ಮ ಕಾರು ಬೇಲಿಯ ಬಳಿ ನಿಂತದ್ದನ್ನು ನಾನು ಕಿಟಕಿಯಿಂದ ಕಂಡೆ. ಅಲ್ಲಿಂದ ಬಾಗಿಲಿಗೆ ನಲವತ್ತು ಹೆಜ್ಜೆ. ಕೈಸು ಆ ನಲವತ್ತು ಹೆಜ್ಜೆಗಳ ನಡುವೆ ಎರಡು ಸಲ ನಿಂತಳು. ಹಿಂಜರಿಯುತ್ತಿದ್ದಾಳೆ ಎಂದುಕೊಂಡೆ. ಅವಳ ಮನಸ್ಸಾಕ್ಷಿಯೇ ಅವಳನ್ನು ತಡೆಯುತ್ತಿದೆ ಎಂದುಕೊಂಡೆ. ಅವಳಿಗೆ ಉಸಿರು ಸಾಲದಾಗಿತ್ತು ಎಂಬುದು ಈಗ ಅರ್ಥವಾಗುತ್ತಿದೆ.

ಅವಳು ‘ದೇವರ ಶಾಂತಿ’ ಎನ್ನುವಳೆಂದು ನನಗೆ ಮೊದಲೇ ಗೊತ್ತಿತ್ತು. ವಸಂತದಲ್ಲಿ ಅವಳು ಬರೆದ ಪತ್ರದಲ್ಲಿಯೇ ಇತ್ತು: ‘ಅಪ್ಪ, ನಾನು ಯಾವ ಬಾಗಿಲಿಂದ ಒಳಗೆ ಹೋದರೂ ಕ್ರಿಸ್ತನವಳೇ. ಆ ಗುರುತನ್ನು ನಿಮ್ಮ ಸಭೆ ಕೊಟ್ಟಿದ್ದಲ್ಲ, ತೆಗೆದುಕೊಳ್ಳುವುದಕ್ಕೂ ಬರುವುದಿಲ್ಲ.’ ಅದಕ್ಕೆ ಉತ್ತರ ಹುಡುಕುತ್ತ ನಾನು ಎರಡು ತಿಂಗಳು ಕಳೆದಿದ್ದೆ. ಕಿಟಕಿಯ ಬಳಿ ನಿಂತಾಗ ಉತ್ತರ ಸಿಕ್ಕಿತು. ಒಂದೇ ಶಬ್ದದ ಉತ್ತರ.

ಈಗ ಯಾರಿಗೂ ಹೇಳದ್ದನ್ನು ಬರೆಯುತ್ತಿದ್ದೇನೆ. ಆ ಶಬ್ದವನ್ನು ಹೇಳಿದಾಗ ನನ್ನಲ್ಲಿ ದುಃಖವಿರಲಿಲ್ಲ, ಧರ್ಮಭೀತಿಯೂ ಇರಲಿಲ್ಲ. ಎದುರಾಳಿಯ ಬಾಯಿ ಮುಚ್ಚಿದಾಗ ಚರ್ಚಾಕೂಟದ ವೇದಿಕೆಯಲ್ಲಿ ಹುಡುಗನಾಗಿ ಅನುಭವಿಸುತ್ತಿದ್ದ ಸಂತೋಷವಿತ್ತು. ಅವಳ ಮುಖ ಬಿಳಿಚಿತು. ನಾನು ಅದನ್ನು ನೋಡಿದೆ. ನೋಡಿ, ಸರಿಯಾದ ಜಾಗಕ್ಕೆ ತಗುಲಿತು ಎಂದುಕೊಂಡೆ.

ನಲವತ್ತು ವರ್ಷ ನಾನು ಮನುಷ್ಯರ ಹೃದಯದ ಕಪಟದ ಮೇಲೆ ಬೋಧಿಸಿದ್ದೇನೆ.

ಪುಸ್ತಕವನ್ನು ಇನ್ನು ಕೇಳುವುದಿಲ್ಲ. ಎರಡನೆಯ ಪ್ರಶ್ನೆಯನ್ನು ಕೇಳುವ ಹಕ್ಕೂ ನನಗಿಲ್ಲ, ಆದರೂ ಕೇಳುತ್ತೇನೆ. ನನ್ನ ಆ ಶಬ್ದದಿಂದಾಗಿ ಅವಳು ತನ್ನನ್ನು ದೇವರು ಕೈಬಿಟ್ಟನೆಂದು ನಂಬಿ ಸತ್ತಳೇ?

ಏಲಿಸ್ ನಿಸ್ಕಲಾ


ಸ್ಟ್ರಾಂಡ್‌ವಿಕಾ
೧೮ ಜನವರಿ ೧೯೮೭

ನಿಸ್ಕಲಾ ಅವರೇ,

ಕ್ರಿಸ್ಮಸ್ ಮುಗೀಲಿ ಅಂತ ಕಾದೆ. ಹಬ್ಬದಲ್ಲಿ ಬರೆದಿದ್ರೆ ಕೆಟ್ಟದಾಗಿ ಬರೀತಿದ್ದೆ.

ಅವಳು ಸಮಾಧಾನದಿಂದ ಹೋದಳು ಅಂತ ಬರೆದ್ರೆ ನಿಮ್ಮ ಎದೆ ಹಗುರ ಆಗತ್ತೆ. ನಿಮ್ಮ ಎದೆ ಹಗುರ ಮಾಡೋದು ನನ್ನ ಕೆಲಸ ಅಲ್ಲ ಅಂತ ಒಂದು ತಿಂಗಳು ಕೂತಿದ್ದೆ. ಆದರೆ ಸಂತೋಷ ಆಯ್ತು ಅಂತ ನೀವು ಬರೆದ ಸಾಲು ಇದೆಯಲ್ಲ, ಅದನ್ನ ಬರೆಯೋ ಅಗತ್ಯ ನಿಮಗಿರಲಿಲ್ಲ. ನಾನು ಕೇಳಿರಲಿಲ್ಲ. ಅದಕ್ಕೋಸ್ಕರ ಇದನ್ನ ಬರೀತಿದೀನಿ. ಪೂರ್ತಿ ಬರೀತೀನಿ, ಅರ್ಧ ಅಲ್ಲ.

ಜುಲೈ ಎಲ್ಲ ಚೆನ್ನಾಗಿದ್ಲು. ಚರ್ಚಿನ ಗಾನವೃಂದದಲ್ಲಿ ಕುರ್ಚಿ ಮೇಲೆ ಕೂತು ಹಾಡ್ತಿದ್ಲು. ‘ನಿಂತು ಹಾಡೋರಿಗಿಂತ ಕೂತವಳ ದನಿಯೇ ಜೋರು’ ಅಂತ ಎಲ್ಲರೂ ರೇಗಿಸ್ತಿದ್ರು. ಆಗಸ್ಟ್‌ನಲ್ಲಿ ಆಸ್ಪತ್ರೆಗೆ ಸೇರಿಸಿದ್ವಿ. ಎರಡನೇ ವಾರ ಒಂದು ದಿನ ಹೋದ್ರೆ ಗೋಡೆ ಕಡೆ ತಿರುಗಿ ಮಲಗಿದ್ಲು. ‘ಮಗ್ನೆ, ಅಪ್ಪ ಹೇಳಿದ್ದೇ ನಿಜ ಆಗಿದ್ರೆ? ಒಳಗೆ ಇದೀನಿ ಅಂದ್ಕೊಂಡು ಇಷ್ಟು ವರ್ಷ ಹೊರಗೇ ನಿಂತಿದ್ನಾ?’ ಅಂದ್ಲು. ಏಳು ದಿನ ಹಾಗೇ ಇದ್ಲು. ಊಟ ಇಲ್ಲ, ಹಾಡಿಲ್ಲ. ಪಾದ್ರಿ ಬಂದ್ರು, ಒಳ್ಳೇ ಮನುಷ್ಯ, ಎಷ್ಟೋ ಮಾತು ಹೇಳಿದ್ರು. ಅವಳು ‘ಹೂಂ’ ಅಂದ್ಲು, ಗೋಡೇನೇ ನೋಡ್ತಿದ್ಲು. ಅವಳಿಗೆ ಬೇಕಾಗಿದ್ದ ಮಾತು ನಿಮ್ಮ ಭಾಷೇಲಿತ್ತು.

ಆ ಏಳು ದಿನ ನಿಮ್ಮವು. ಇಟ್ಕೊಳ್ಳಿ.

ಎಂಟನೇ ದಿನ ನನಗೆ ಏನೂ ತೋಚಲಿಲ್ಲ. ನಾನು ಅಂಥ ದೇವರ ಭಕ್ತ ಅಲ್ಲ, ಚರ್ಚಿನಲ್ಲಿ ಹಿಂದಿನ ಬೆಂಚಲ್ಲಿ ತೂಕಡಿಸೋನು. ಎದ್ದು ಕೋಣೆಯಿಂದ ಆಚೆ ಹೋದೆ. ಬಾಗಿಲು ಹಾಕ್ದೆ. ತಟ್ಟಿ, ಮತ್ತೆ ಒಳಗೆ ಬಂದೆ. ಅವಳ ಕೈ ಹಿಡಿದು, ‘ದೇವರ ಶಾಂತಿ, ಕೈಸು’ ಅಂದೆ.

ತಿರುಗಿ ನೋಡಿದ್ಲು. ‘ಥೂ, ಎಂಥ ಉಚ್ಚಾರವೋ ನಿಂದು!’ ಅಂದ್ಲು. ನಕ್ಕಳು. ಆಮೇಲೆ ಅತ್ತಳು. ಆಮೇಲೆ ‘ದೇವರ ಶಾಂತಿ, ಮಗ್ನೆ’ ಅಂದ್ಲು.

ಅವತ್ತಿಂದ ಕೊನೇವರೆಗೂ ಪ್ರತಿ ಸಲ ಒಳಗೆ ಬರುವಾಗ ಹೇಳಿದೆ. ನೀರು ತರೋಕೆ ಹೋಗಿ ಬಂದ್ರೂ ಹೇಳ್ದೆ. ಅವಳು ಹೆದರಿಕೊಂಡು ಸಾಯಲಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇದು.

ಅದನ್ನ ಹೇಳ್ಬೇಕಾಗಿದ್ದೋನು ನಾನಲ್ಲ.

ಮಗ್ನೆ


ಲೆಹ್ತೋಲಾ
೨೨ ಮಾರ್ಚ್ ೧೯೮೭

ಮಗ್ನೆ,

ನಿಮ್ಮ ಪತ್ರವನ್ನು ಮೊಣಕಾಲೂರಿ ಓದಿದೆ ಎಂದು ಬರೆದರೆ ಅದು ಅಲಂಕಾರವಾದೀತು. ಅಡುಗೆಮನೆಯ ಮೇಜಿನ ಬಳಿ ಕುಳಿತು ಓದಿದೆ. ಆ ದಿನ ಮತ್ತೇನೂ ಮಾಡಲಾಗಲಿಲ್ಲ.

ಕೈಸು ನಿಮಗೆ ಹೇಳಿರಬಹುದು: ನಮ್ಮಲ್ಲಿ ಯಾರೂ ತನ್ನ ಪಾಪವನ್ನು ತಾನೇ ಕ್ಷಮಿಸಿಕೊಳ್ಳುವಂತಿಲ್ಲ. ಅರಿಕೆ ಮಾಡಬೇಕು, ಇನ್ನೊಬ್ಬ ವಿಶ್ವಾಸಿ ‘ಯೇಸುವಿನ ನಾಮದಲ್ಲಿ, ಆತನ ರಕ್ತದಲ್ಲಿ ನಿನ್ನ ಪಾಪ ಕ್ಷಮಿಸಲ್ಪಟ್ಟಿದೆ ಎಂದು ನಂಬು’ ಎಂದು ಬಾಯಿಬಿಟ್ಟು ಹೇಳಬೇಕು. ಆ ಮಾತನ್ನು ನಾನು ಅದೆಷ್ಟೋ ಜನರಿಗೆ ಹೇಳಿದ್ದೇನೆ. ಮಾರ್ಚ್ ಎಂಟರ ಭಾನುವಾರ, ಪ್ರಾರ್ಥನೆ ಮುಗಿದು ಕಾಫಿಗೆ ಕುಳಿತಾಗ, ಎದ್ದು ನಿಂತು ನನ್ನದನ್ನು ಅರಿಕೆ ಮಾಡಿದೆ.

ನಮ್ಮ ಹಿರಿಯ ಬೋಧಕ ಹೆರ್ಮನ್ನಿ ಎಂಬತ್ತು ದಾಟಿದವರು, ವಿನೋದಪ್ರಿಯರು. ‘ಅಯ್ಯೋ ಏಲಿಸ್, ನಲವತ್ತು ವರ್ಷ ಆ ಪೀಠದ ಮೇಲೆ ನಿಂತು ನಮ್ಮ ಪಾಪ ಹೆಕ್ಕಿದೋನು ನೀನು. ಈಗ ನಿನ್ನದನ್ನ ಹೆಕ್ಕೋಕೆ ಈ ಮುದುಕನ ಕಣ್ಣು ಬೇಕಾ?’ ಎಂದರು. ಎಲ್ಲರೂ ನಕ್ಕರು.

‘ನಿಯಮ ಮುರಿದ್ಯಾ?’
‘ಇಲ್ಲ.’
‘ಸುಳ್ಳು ಹೇಳಿದ್ಯಾ?’
‘ಇಲ್ಲ.’
‘ಮತ್ತೆ ನಾನು ಕ್ಷಮಿಸೋದು ಯಾವುದನ್ನ, ಮಾರಾಯ? ಕೂತ್ಕೊ, ಕಾಫಿ ಆರ್ತಿದೆ.’

ನಾನು ಕುಳಿತುಕೊಳ್ಳಲಿಲ್ಲ. ನನ್ನ ಮೇಲೆ ನಾನೇ ಆರೋಪಪಟ್ಟಿ ಓದಿದೆ: ಮೊದಲೇ ಸಿದ್ಧಪಡಿಸಿಕೊಂಡಿದ್ದುದು, ಅವಳ ಮುಖ ನೋಡಿ ಹಿಗ್ಗಿದ್ದು, ಆಸ್ಪತ್ರೆಯ ಏಳು ದಿನಗಳು. ಜೀವಮಾನದಲ್ಲಿ ಅಷ್ಟು ಬಿಗಿಯಾಗಿ ವಾದಿಸಿರಲಿಲ್ಲ. ಮಗ್ನೆ, ನಾನು ಸೋತೆ. ಒಬ್ಬರೂ ಒಪ್ಪಲಿಲ್ಲ. ಕಾಫಿ ಬಡಿಸುತ್ತಿದ್ದ ಸೆಲ್ಮಾ ನನ್ನ ತೋಳು ಹಿಡಿದು, ‘ಮಗಳನ್ನ ಕಳ್ಕೊಂಡಿದೀಯ ಅಣ್ಣ, ಸಂಕಟಕ್ಕೆ ಹೀಗೆಲ್ಲ ಅನ್ನಿಸತ್ತೆ’ ಎಂದಳು. ಒಳ್ಳೆಯ ಹೆಂಗಸು. ಸಾಂತ್ವನ ಅಷ್ಟು ಕ್ರೂರವಾಗಿರಬಲ್ಲದೆಂದು ನನಗೆ ತಿಳಿದಿರಲಿಲ್ಲ.

ಕೊನೆಗೆ ಹೆರ್ಮನ್ನಿ ನಗು ನಿಲ್ಲಿಸಿದರು. ‘ಕೇಳು. ನಿನ್ನ ಮಗಳು ವಿಶ್ವಾಸಿ ಆಗಿದ್ರೆ ಮಾತ್ರ ನೀನು ಮಾಡಿದ್ದು ಪಾಪ. ಆಗಿದ್ಲು ಅಂತ ಹೇಳ್ತೀಯಾ? ಯೋಚನೆ ಮಾಡಿ ಹೇಳು.’

‘ಆಗಿದ್ಲು’ ಎಂದೆ.

ಸಭೆ ತೊರೆದವಳನ್ನು ವಿಶ್ವಾಸಿ ಎನ್ನುವುದು ನಮ್ಮಲ್ಲಿ ನಿಯಮಭಂಗ. ಮಾತನ್ನು ಹಿಂತೆಗೆದುಕೊಳ್ಳಲು ಒಂದು ವಾರ ಕೊಟ್ಟರು. ನಾನು ಹಿಂತೆಗೆಯಲಿಲ್ಲ. ಮುಂದಿನ ಭಾನುವಾರ ಬಾಗಿಲಲ್ಲಿ ಹೆರ್ಮನ್ನಿ ನನ್ನ ಕೈ ಹಿಡಿದು ‘ನಮಸ್ಕಾರ’ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಕೈಸುವಿಗೆ ಅದನ್ನೇ ಹೇಳಿದ ದಿನ ನನ್ನ ಕಣ್ಣಲ್ಲಿ ಅದೂ ಇರಲಿಲ್ಲ. ಇದನ್ನು ದೂರೆಂದು ಬರೆಯುತ್ತಿಲ್ಲ. ಅವರು ತಮ್ಮ ನಂಬಿಕೆಗೆ ತಕ್ಕಂತೆ ನಡೆದುಕೊಂಡರು.

ಮನೆಗೆ ನಡೆದು ಬರುವಾಗ, ಬೋಧಕನಲ್ಲದ, ಸಭೆಯವನೂ ಅಲ್ಲದ ಏಲಿಸ್ ನಿಸ್ಕಲಾ ಯಾರವನು ಎಂದು ನನ್ನನ್ನೇ ಕೇಳಿಕೊಂಡೆ. ಇಷ್ಟೂ ವರ್ಷ ನಾನು ಕ್ರಿಸ್ತನನ್ನು ಧರಿಸಿಕೊಂಡಿದ್ದೆನೋ, ಬೋಧಕನ ಕರಿಯ ಕೋಟನ್ನೋ? ಕೈಸುವಿಗೆ ಇದರ ಉತ್ತರ ಗೊತ್ತಿತ್ತು. ನನಗೆ ಗೊತ್ತಿಲ್ಲ.

ನನ್ನ ಪಾಪವನ್ನು ಪಾಪವೆಂದು ಕಂಡವರು ಭೂಮಿಯ ಮೇಲೆ ನೀವೊಬ್ಬರೇ. ಆದ್ದರಿಂದ ಆ ಮಾತನ್ನು ನಿಮ್ಮಿಂದ ಬೇಡುತ್ತೇನೆ. ಇದಕ್ಕೆ ಕಾರಣಗಳನ್ನು ಒದಗಿಸುವುದಿಲ್ಲ. ನನ್ನನ್ನು ಕ್ಷಮಿಸುತ್ತೀರಾ?

ಏಲಿಸ್


ಸ್ಟ್ರಾಂಡ್‌ವಿಕಾ
೧೭ ಮೇ ೧೯೮೭

ಮಾವ,

ಹೀಗೆ ಕರೆಯೋದಾ ಬೇಡ್ವಾ ಅಂತ ಯೋಚನೆ ಮಾಡ್ದೆ. ಬೇರೆ ಏನಂತ ಕರೀಲಿ? ನೀವು ಅದೇ ಆಗಬೇಕು ನನಗೆ.

ಇಲ್ಲ. ಇನ್ನೂ ಆಗಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗ್ತಾ ದೋಣೀಲಿ ಒಬ್ಬನೇ ಇರುವಾಗ ಆ ಮಾತು ಹೇಳಿ ನೋಡ್ತೀನಿ. ಅರ್ಧಕ್ಕೆ ಗೋಡೆ ಕಡೆ ತಿರುಗಿ ಮಲಗಿದ್ದ ಅವಳ ಬೆನ್ನು ಕಾಣತ್ತೆ. ಅಲ್ಲಿಗೆ ನಿಲ್ಲತ್ತೆ. ಈಗ ಕಾಗದದ ಮೇಲೆ ಬರೆದು ಕಳಿಸಿದ್ರೆ ಸುಳ್ಳಾಗತ್ತೆ, ಕೈಸು ನನಗೆ ಸುಳ್ಳು ಹೇಳೋಕೆ ಯಾವತ್ತೂ ಬಿಡಲಿಲ್ಲ.

ಹೆರ್ಮನ್ನಿ ಮುದುಕ ಕೊಡದೆ ಇದ್ದದ್ದನ್ನ ನಾನು ಸಲೀಸಾಗಿ ಕೊಡ್ತೀನಿ ಅಂದ್ಕೊಂಡಿದ್ರೆ ತಪ್ಪು. ಅವರಿಗೆ ನಿಮ್ಮ ಪಾಪ ಕಾಣಲಿಲ್ಲ. ನನಗೆ ತುಂಬಾ ಚೆನ್ನಾಗಿ ಕಾಣತ್ತೆ.

ಆದರೂ ಒಂದು ವಿಷಯ. ಮಂಜು ಕರಗಿ ನೆಲ ಮೆತ್ತಗಾಗಿದೆ. ಅವಳ ಕಲ್ಲು ಜೂನ್ ಹದಿಮೂರಕ್ಕೆ ನಿಲ್ಲಿಸ್ತೀವಿ, ಶನಿವಾರ. ಮರುದಿನ ಚರ್ಚು. ಬರೋದಾದ್ರೆ ಬನ್ನಿ. ಬಂದ್ರೆ ಕ್ಷಮಿಸ್ತೀನಿ ಅಂತ ಅರ್ಥ ಅಲ್ಲ. ಮಲಗೋಕೆ ಜಾಗ ಇದೆ, ಮೀನು ಇದೆ.

ಮಗ್ನೆ


ಲೆಹ್ತೋಲಾ
೨೧ ಜೂನ್ ೧೯೮೭

ಪ್ರಿಯ ಮಗ್ನೆ,

ಕ್ಷೇಮವಾಗಿ ಊರು ತಲುಪಿದೆ. ನಿಮ್ಮ ಮನೆಯಲ್ಲಿ ಮೂರು ದಿನವಿದ್ದೂ ಬಾಯಿಗೆ ಬಾರದ್ದನ್ನು ಈಗ ಬರೆಯುತ್ತಿದ್ದೇನೆ.

ಬಸ್ಸಿಳಿದಾಗ ನಿಮಗೆ ಹೇಳಬೇಕೆಂದು ಆರು ವಾಕ್ಯಗಳನ್ನು ಸಿದ್ಧಪಡಿಸಿಕೊಂಡಿದ್ದೆ. ನೀವು ‘ಊಟ ಆಯ್ತಾ?’ ಎಂದಿರಿ. ಆರು ವಾಕ್ಯಗಳು ಅಲ್ಲಿಯೇ ಉಳಿದವು, ಉಳಿದದ್ದೇ ಒಳ್ಳೆಯದಾಯಿತು.

ಕಲ್ಲು ನಿಲ್ಲಿಸುವಾಗ ನೀವು ಒಂದು ಕಡೆ ಹಿಡಿದಿರಿ, ನಾನು ಇನ್ನೊಂದು ಕಡೆ. ನಡುವೆ ಅವಳ ಹೆಸರಿತ್ತು. ನೀವು ಆ ಮಾತನ್ನು ಅಂದು ಹೇಳಲಿಲ್ಲ, ಬೀಳ್ಕೊಡುವಾಗಲೂ ಹೇಳಲಿಲ್ಲ. ನಾನು ನಿಮ್ಮ ತುಟಿಗಳನ್ನೇ ನೋಡುತ್ತಿದ್ದೆ, ನಿಮಗೂ ತಿಳಿದಿರಬೇಕು. ಅದಕ್ಕಾಗಿ ನಾಚುತ್ತೇನೆ. ಕ್ಷಮೆಯನ್ನೂ ನಾನು ವಾದದಲ್ಲಿ ಗೆಲ್ಲುವ ಬಹುಮಾನದಂತೆ ಕಾಯುತ್ತಿದ್ದೆ.

ಭಾನುವಾರದ ವಿಷಯ. ನಿಮ್ಮ ಚರ್ಚಿನಲ್ಲಿ ಕರ್ತನ ಭೋಜನಕ್ಕೆ ಜನ ಎದ್ದಾಗ ನೀವು ನನ್ನ ಕಡೆ ನೋಡದೆ ಎದ್ದು ಹೋದಿರಿ. ನಾನು ಕುಳಿತೇ ಇದ್ದೆ. ಪಕ್ಕದಲ್ಲಿ ಕೈಸುವಿನ ಗಾನವೃಂದದ ಮುದುಕಿ ಗುನ್‌ವೋರ್ ಇದ್ದಳು. ನಿಮ್ಮ ಭಾಷೆ ನನಗೆ ಅಷ್ಟಾಗಿ ಬಾರದೆಂದು ಬೆರಳು ತೋರಿಸಿ, ಬಿಡಿಬಿಡಿಯಾಗಿ ಹೇಳಿದಳು: ‘ಅಲ್ಲಿ ನೋಡಿ, ವೇದಿ ಮುಂದಿನ ಕಟಾಂಜನ, ಮೊಣಕಾಲೂರೋ ಕಡೆಯ ಕಂಬಿ. ಅರ್ಧ ಸುತ್ತು ಮಾತ್ರ ಇದೆ. ಉಳಿದರ್ಧ ಗೋಡೆ ಆಚೆ, ಸ್ಮಶಾನದ ಕಡೆ. ಆ ಕಡೆ ತೀರಿಕೊಂಡವರು ಕೂರ್ತಾರೆ, ಈ ಕಡೆ ನಾವು. ಕೈಸು ಇಲ್ಲೇ ಇದಾಳೆ, ಎದುರುಗಡೆ. ಏಳಿ, ಏಳಿ, ನನ್ನ ಮಂಡಿ ನೋಯತ್ತೆ, ನಿಮ್ಮ ತೋಳು ಕೊಡಿ.’

ನಾನು ಯಾರು, ಯಾವ ಸಭೆಯವನು, ಏನು ಮಾಡಿ ಬಂದವನು ಎಂದು ಅವಳು ಕೇಳಲಿಲ್ಲ. ತೋಳು ಕೊಟ್ಟು ನಡೆದೆ. ಮೊಣಕಾಲೂರಿದೆ. ನನ್ನ ಪರವಾಗಿ ಹೇಳಲು ಒಂದು ಅಂಶವೂ ನನ್ನ ಬಳಿ ಇರಲಿಲ್ಲ. ಪಾದ್ರಿ ‘ನಿನಗಾಗಿ’ ಎಂದು ರೊಟ್ಟಿ ಕೊಟ್ಟರು. ಮನಸ್ಸು ಹಗುರವಾಗಲಿಲ್ಲ, ಆಯಿತೆಂದು ಬರೆದರೆ ನಿಮಗೆ ಗೊತ್ತಾಗಿಬಿಡುತ್ತದೆ. ಆ ಏಳು ದಿನಗಳು ನನ್ನವು, ಮಣ್ಣಿಗೆ ಹೋಗುವವರೆಗೂ ನನ್ನವೇ. ಆದರೂ ರೊಟ್ಟಿಯನ್ನು ತಿಂದೆ. ಕ್ರಿಸ್ತನವನೆಂದು ಹೇಳಿಕೊಳ್ಳಲು ನನಗೆ ಉಳಿದಿರುವ ಆಧಾರ ಅಷ್ಟೇ.

ನೀವು ಆ ಮಾತನ್ನು ಹೇಳಲು ಹತ್ತು ವರ್ಷ ಬೇಕಾದರೆ ಹತ್ತು ವರ್ಷ ಬರುತ್ತೇನೆ. ಹೇಳದಿದ್ದರೂ ಬರುತ್ತೇನೆ. ನಾನು ನನ್ನ ಮಗಳನ್ನು ಪಂಕ್ತಿಯಿಂದ ಎಬ್ಬಿಸಿದವನು. ಅಂದು ಅವಳ ಪಂಕ್ತಿಯಲ್ಲಿ, ಅವಳ ಅಪ್ಪಣೆ ಕೇಳದೆ ಕುಳಿತೆ. ಯಾರೂ ನನ್ನನ್ನು ಎಬ್ಬಿಸಲಿಲ್ಲ.

ನಿಮ್ಮ ಮಾವ,
ಏಲಿಸ್